ಕುಲುನ್ ಕಾಲಿನ ದಾರ

ರಿಸ್ಕೆಲ್ದಿ ಮೇಷ್ಟ್ರು ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಖುಷಿಯಾದಾಗ ಸುಮ್ಮನಿರುವುದು ಆ ಮನುಷ್ಯನ ಜಾಯಮಾನದಲ್ಲೇ ಇಲ್ಲ. ಶಾಲೆಯ ಕಂಪ್ಯೂಟರ್ ಕೋಣೆಯಿಂದ ಓಡಿ ಬಂದವರೇ, ನೆಲ ಗುಡಿಸುತ್ತಿದ್ದ ತುರ್ಸುನಾಯ್ ಎದುರು ನಿಂತು, "ನಡೀತು ಅಕ್ಕಾ, ನಡೀತು!" ಎಂದು ಕೂಗಿಬಿಟ್ಟರು.

"ಯಾರು ನಡೆದಿದ್ದು?"

"ಕುಲುನ್! ನಮ್ಮ ಹುಡುಗಿಯರ ಯಂತ್ರ! ತಾನೇ ತಾನಾಗಿ, ಯಾರೂ ಮುಟ್ಟದೆ!"

ತುರ್ಸುನಾಯ್ ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟೇಬಿಟ್ಟಳು. ನಮ್ಮಲ್ಲಿ ಒಳ್ಳೆ ಸುದ್ದಿ ಮೊದಲು ತಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಬಾಗಿಲಲ್ಲಿ ನಿಂತು "ಸುಯುಂಚು!" ಎಂದು ಕೂಗಿದರೆ ಸಾಕು, ಒಂದು ತಲೆವಸ್ತ್ರವೋ, ಒಂದು ಮುದ್ದೆ ಬೆಣ್ಣೆಯೋ ಕೊಡಲೇಬೇಕು. ಇಂಥ ಅವಕಾಶವನ್ನು ತುರ್ಸುನಾಯ್ ಯಾವತ್ತೂ ಕಳೆದುಕೊಂಡವಳಲ್ಲ. ಯಾರ ಮನೆಯಲ್ಲಿ ಕರು ಹುಟ್ಟಿದರೂ ಆ ಮನೆಯವರಿಗಿಂತ ಮುಂಚೆ ಇವಳಿಗೆ ಗೊತ್ತಿರುತ್ತಿತ್ತು.

ಕುಲುನ್ ಅಂದರೆ ಕುದುರೆಮರಿ. ಬಿಸ್ಕತ್ತಿನ ಡಬ್ಬಿಯೇ ಮೈ, ಮುರಿದ ಕೊಡೆಯ ಕಡ್ಡಿಗಳೇ ಕಾಲು, ಕೆಟ್ಟ ಆಟಿಕೆ ಕಾರುಗಳಿಂದ ಕಿತ್ತ ಮೋಟಾರು, ಮುಂದೆ ಗೋಡೆಯಿದೆಯೋ, ಕಾಲಡಿ ದಾರಿಯಿದೆಯೋ ಎಂದು ನೋಡುವುದಕ್ಕೆ ಎರಡು ಪುಟ್ಟ ಕಣ್ಣು. ಬೆಗಾಯಿಮ್ ಎಂಬ ಹುಡುಗಿ ಚಳಿಗಾಲವಿಡೀ ಕಿರಿಯ ಗೆಳತಿಯರನ್ನು ಕಟ್ಟಿಕೊಂಡು ಅದರ ಹಿಂದೆ ಬಿದ್ದಿದ್ದಳು. ಅದೋ, ನಿಂತಲ್ಲೇ ಗಡಗಡ ನಡುಗುತ್ತಿತ್ತೇ ಹೊರತು ಮುಂದಕ್ಕೆ ಹೋಗಿದ್ದಿಲ್ಲ. ಕೊನೆಗೆ ಹೆಜ್ಜೆ ಇಟ್ಟಿದ್ದು ಇವತ್ತು. ಜಿಲ್ಲಾ ಪಟ್ಟಣದಲ್ಲಿ ಸ್ಪರ್ಧೆ ಇದ್ದದ್ದೂ ಇವತ್ತೇ.

ಗೆದ್ದ ಹುಡುಗಿಗೆ ರಾಜಧಾನಿ ಬಿಷ್ಕೆಕ್‌ನ ವಿಜ್ಞಾನ ಶಾಲೆಯಲ್ಲಿ ಸೀಟು, ಇರಲು ಹಾಸ್ಟೆಲು. ಬೆಗಾಯಿಮ್ ಅದೇ ಕನಸಿನಲ್ಲಿದ್ದಳು. ಅವಳ ಅಪ್ಪ ಅಮ್ಮ ಕುರಿಮಂದೆಯ ಜೊತೆ ಬೆಟ್ಟದ ಮೇಲೆ. ಸಾಕಿದವಳು ಬಾತ್ಮಾ ಅಜ್ಜಿ. ಅಜ್ಜಿಯ ಲೆಕ್ಕವೇ ಬೇರೆ. ಈ ವರ್ಷದ ಪಾಠ ಮುಗಿದ ಕೂಡಲೇ ಮೊಮ್ಮಗಳು ಸೋದರತ್ತೆಯ ಹೊಲಿಗೆ ಅಂಗಡಿಗೆ ಹೋಗಬೇಕು. ಮೇಷ್ಟ್ರು ಎಷ್ಟೋ ಸಲ ಹೋಗಿ ಚಹಾ ಕುಡಿದು, ಬೇಡಿಕೊಂಡು ಬಂದ ಮೇಲೆ ಅಜ್ಜಿ ಒಂದು ಮಾತು ಕೊಟ್ಟಿದ್ದಳು: "ದೊಡ್ಡವರ ಮುಂದೆ ಆ ಡಬ್ಬಿ ನೆಟ್ಟಗೆ ನಡೆದು ತೋರಿಸ್ಲಿ, ಕಳಿಸ್ತೀನಿ. ಬಿದ್ರೆ ಸೂಜಿ ದಾರ."

ಇನ್ನು ನಮ್ಮ ಮೇಷ್ಟ್ರು. ಒಳ್ಳೆಯವರು, ಸ್ವಲ್ಪ ದಪ್ಪ, ಮರೆವು ಜಾಸ್ತಿ. ಮನೆಯಿಂದ ಹೊರಟರೆ ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಲ್ಲುತ್ತಾರೆ. ಜೇಬು ತಡವಿಕೊಳ್ಳುತ್ತಾರೆ. ತಿರುಗಿ ಒಳಗೆ ಹೋಗುತ್ತಾರೆ. ಒಮ್ಮೆ ಮದುವೆಮನೆಯಲ್ಲಿ ಹೆಂಡತಿಯನ್ನೇ ಬಿಟ್ಟು ಬಂದು, ಮನೆಯಲ್ಲಿ ಚಹಾ ಯಾಕೆ ಇನ್ನೂ ಬಂದಿಲ್ಲ ಎಂದು ಕಾಯುತ್ತಾ ಕೂತಿದ್ದರು.

ಪಟ್ಟಣಕ್ಕೆ ಕರೆದೊಯ್ಯಲು ನಮ್ಮ ಬೀದಿಯ ಎಸೆನ್ ತನ್ನ ಹಳೇ ಕಾರನ್ನು ಶಾಲೆ ಮುಂದೆ ತಂದು ನಿಲ್ಲಿಸುವ ಹೊತ್ತಿಗೆ ಇಡೀ ಬೀದಿ ಅಂಗಳಕ್ಕೆ ಬಂದಿತ್ತು. ಹೆಂಗಸರ ಕೈಯಲ್ಲಿ ಆಗಷ್ಟೇ ಕರಿದ ಹಿಟ್ಟಿನ ಉಂಡೆ, ಬೋರ್ಸೋಕ್ ತುಂಬಿದ ತಟ್ಟೆ. ಎಲ್ಲರಿಗಿಂತ ಮುಂದೆ ಬಾತ್ಮಾ ಅಜ್ಜಿ. ಎಲ್ಲರಿಗಿಂತ ಹಿಂದೆ, ಕತ್ತಿಗೆ ಹೊಸ ತಲೆವಸ್ತ್ರ ಸುತ್ತಿಕೊಂಡು ತುರ್ಸುನಾಯ್.

"ಎಲ್ಲಿ ಮಗು?" ಅಂದಳು ಅಜ್ಜಿ.

"ಮಗು ಅಲ್ಲ ಅಜ್ಜೀ, ಯಂತ್ರ," ಅಂದರು ಮೇಷ್ಟ್ರು.

"ಮೊದಲ ಹೆಜ್ಜೆ ಇಟ್ಟಿದ್ದು ಇವತ್ತು ತಾನೆ?"

"ಹೌದು."

"ಮತ್ತೆ ಮಗುವೇ. ತುಶೋ ಕತ್ತರಿಸಿದ್ರಾ?"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹೆಜ್ಜೆ ಇಟ್ಟ ಮಗುವಿನ ಎರಡು ಕಾಲಿಗೂ ಕಪ್ಪು ಬಿಳಿ ಉಣ್ಣೆ ಹೊಸೆದ ದಾರ ಕಟ್ಟುತ್ತೇವೆ, ಅದೇ ತುಶೋ. ದೂರದಿಂದ ಓಡಿ ಬಂದು ಮೊದಲು ಮುಟ್ಟಿದವರು ಅದನ್ನು ಚಾಕುವಿನಿಂದ ಕತ್ತರಿಸಬೇಕು. ಕತ್ತರಿಸದಿದ್ದರೆ ಮಗು ಬದುಕಿಡೀ ಎಡವುತ್ತದೆ. ಕತ್ತರಿಸಿದವರು ಹೇಗೋ, ಮಗುವೂ ಹಾಗೆ.

"ಅಜ್ಜೀ, ಹೊತ್ತಾಯ್ತು. ಸ್ಪರ್ಧೆ ಶುರುವಾಗಿಬಿಡುತ್ತೆ. ಅಲ್ದೆ ಇದಕ್ಕೆ ನಾಲ್ಕು ಕಾಲು!"

"ಮುಂಗಾಲಿಗೆ ಕಟ್ಟೋಣ," ಅಂದ ಎಸೆನ್, ಕಾರಿನಿಂದ ಇಳಿಯುತ್ತಾ. "ಕುದುರೆಗೂ ಅಲ್ಲೇ ತಾನೆ ಕಟ್ಟೋದು?"

"ನೀನು ಗಾಡಿ ಹತ್ತಿರ ಇರಪ್ಪಾ!" ಅಂದರು ಮೇಷ್ಟ್ರು.

"ಮೇಷ್ಟ್ರೇ, ಕೇಳಿ ಇಲ್ಲಿ," ಅಂದಳು ಅಜ್ಜಿ. "ಇದು ಅಲ್ಲಿ ಎಡವಿ ಬಿತ್ತು ಅನ್ನಿ, ಊರೇನನ್ನುತ್ತೆ? ಬಾತ್ಮಾ ಮುದುಕಿ ಮೊಮ್ಮಗಳನ್ನ ಕಳಿಸೋಕೆ ಮನಸ್ಸಿಲ್ದೆ ಶಾಸ್ತ್ರ ಮಾಡಿಸಲಿಲ್ಲ ಅನ್ನುತ್ತೆ. ಆ ಮಾತು ನಂಗೆ ಬೇಡ. ಬಿದ್ರೆ ನ್ಯಾಯವಾಗಿ ಬೀಳ್ಲಿ."

ಮೇಷ್ಟ್ರು ಸಹಾಯಕ್ಕಾಗಿ ಬೆಗಾಯಿಮ್ ಕಡೆ ನೋಡಿದರು. ಆ ಹುಡುಗಿ ಆಗಲೇ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು.

"ಕಟ್ಟಿ ನೋಡೋಣ ಮೇಷ್ಟ್ರೇ! ಕಾಲು ಕಟ್ಟಿದ್ರೆ ನಿಂತುಬಿಡುತ್ತಾ, ಅಥವಾ ಮರಿಕುದುರೆ ಥರ ಕುಪ್ಪಳಿಸುತ್ತಾ? ನಂಗೂ ನೋಡ್ಬೇಕು."

ಈ ಹುಡುಗಿಗೆ ಯಾವುದನ್ನಾದರೂ ಬಿಚ್ಚಿ ನೋಡಬೇಕು, ಇಲ್ಲವೇ ಕಟ್ಟಿ ನೋಡಬೇಕು. ಮನೆಯಲ್ಲಿ ಗಡಿಯಾರ ಬಿಚ್ಚಿ, ರೇಡಿಯೋ ಬಿಚ್ಚಿ, ಕೊನೆಗೆ ಅಜ್ಜಿಯ ಹೊಲಿಗೆ ಯಂತ್ರವನ್ನೂ ಬಿಚ್ಚಿದ್ದಳು. ಅದು ಈಗ ಮೊದಲಿಗಿಂತ ಚೆನ್ನಾಗಿ ಹೊಲಿಯುತ್ತದೆ ಎಂಬುದನ್ನು ಅಜ್ಜಿ ಯಾರ ಮುಂದೂ ಒಪ್ಪುವುದಿಲ್ಲ.

ದಾರ ಕಟ್ಟಿದ್ದಾಯಿತು. ಈಗ ಓಡುವವರು ಯಾರು? ಎಸೆನ್ ಕುಡಿಯುತ್ತಾನೆ, ಬೇಡ. ಬೇಕರಿಯವಳು ಜಗಳಗಂಟಿ, ಬೇಡ.

"ಮೇಷ್ಟ್ರು ಕತ್ತರಿಸ್ಲಿ, ಅವರದ್ದೇ ಶಾಲೆ," ಅಂದರು ಯಾರೋ.

"ಅಯ್ಯಯ್ಯೋ, ಇವರ ಕೈಲಿ ಮಾತ್ರ ಬೇಡ!" ತುರ್ಸುನಾಯ್ ಕಿರುಚಿದಳು. "ಆಮೇಲೆ ಅದು ನಾಲ್ಕು ಹೆಜ್ಜೆ ಹೋಗಿ ನಿಂತು, ಜೇಬು ತಡವಿಕೊಂಡು, ವಾಪಸ್ ಬರುತ್ತೆ!"

ಅಂಗಳವೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು, ಪಾಪ. ಒಳಗೆ ನೋವಾಗಿತ್ತು. ಕೊನೆಗೆ ನೆರೆಮನೆಯ ಇಬ್ಬರು ಚುರುಕು ಸೊಸೆಯರನ್ನು ಆರಿಸಿ ಗೇಟಿನ ಹತ್ತಿರ ನಿಲ್ಲಿಸಿದರು. ಚಾಕುವನ್ನು ಕುಲುನ್ ಪಕ್ಕದಲ್ಲಿಟ್ಟರು. ಮೇಷ್ಟ್ರು ಓಟ ನೋಡುವುದಕ್ಕೆಂದು ಅವರ ಜೊತೆಗೇ ಗೇಟಿಗೆ ಹೋಗಿ ನಿಂತರು. "ಹೂಂ, ಓಡಿ!" ಎಂದು ಅಜ್ಜಿ ಕೂಗಿದಳು.

ಆಗಲೇ ಮೇಷ್ಟ್ರಿಗೆ ನೆನಪಾದದ್ದು. ಕುಲುನ್ ಕಣ್ಣಿನಿಂದ ಹೊಟ್ಟೆಗೆ ಹೋಗುವ ತಂತಿಗಳು ಮುಂಗಾಲಿನ ನಡುವೆಯೇ ಜೋತಾಡುತ್ತಿದ್ದವು. ಆ ತಂತಿಗಳೂ ಕಪ್ಪು ಬಿಳಿ!

"ನಿಲ್ಲಿ! ತಂತಿ! ತಂತಿ!" ಎಂದು ಅವರೂ ಓಡಿದರು. ಅವರು ಓಡಿದ್ದನ್ನು ನಾವ್ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ. ಹೊಟ್ಟೆ ಒಂದು ಕಡೆ, ಟೈ ಒಂದು ಕಡೆ. ಆ ಆರ್ಭಟಕ್ಕೆ ಹೆದರಿ ಸೊಸೆಯರಿಬ್ಬರೂ ಪಕ್ಕಕ್ಕೆ ಸರಿದರು. ಮೇಷ್ಟ್ರು ಹೋಗಿ ಕುಲುನ್ ಮುಂದೆ ಧೊಪ್ಪನೆ ಬಿದ್ದು, ಯಾರೂ ಮುಟ್ಟದಿರಲಿ ಎಂದು ಚಾಕು ಕಿತ್ತುಕೊಂಡರು. ಹಿಂದಿನಿಂದ ನೋಡುವ ಆತುರಕ್ಕೆ ಜನ ನುಗ್ಗಿದರು. ಯಾರದೋ ಮೊಣಕೈ ಬೆನ್ನಿಗೆ ತಾಗಿತು. ಚಾಕು ಸರಕ್ಕನೆ ಜಾರಿತು.

ದಾರ ತುಂಡಾಯಿತು. ತಂತಿಯೂ ತುಂಡಾಯಿತು.

"ಆಯ್ತು! ನೂರು ವರ್ಷ ನಡೀಲಿ!" ಎಂದು ಎಲ್ಲರೂ ಹರಸಿ ಬೋರ್ಸೋಕ್ ತೂರಿದರು. ತುರ್ಸುನಾಯ್ ಮಾತ್ರ ಹಣೆ ಚಚ್ಚಿಕೊಂಡಳು. "ಬೇಡ ಬೇಡ ಅಂದ್ರೂ ಇವರೇ ಕತ್ತರಿಸಿದ್ರಲ್ಲಪ್ಪಾ!"

ಕಾರಿನಲ್ಲಿ ಎಸೆನ್ ಪಕ್ಕ ಅಜ್ಜಿ ಕೂತಳು. ನ್ಯಾಯ ನೋಡಲು ಬರಲೇಬೇಕಂತೆ. ಹಿಂದೆ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಬೆಗಾಯಿಮ್ ಕುಲುನ್‌ನನ್ನು ತೊಡೆಯ ಮೇಲೆ ಮಗುಚಿಕೊಂಡು, ಹಲ್ಲಿನಿಂದ ತಂತಿಯ ಸಿಪ್ಪೆ ಸುಲಿಯುತ್ತಿದ್ದಳು.

"ನನ್ನಿಂದ ಹಾಳಾಯ್ತು ಮಗಳೇ," ಅಂದರು ಮೇಷ್ಟ್ರು. ಟೈ ತುದಿಯಿಂದ ಕಣ್ಣೊರೆಸಿಕೊಂಡರು.

"ಅಳಬೇಡಿ ಮೇಷ್ಟ್ರೇ, ಟೇಪ್ ಹಿಡ್ಕೊಳ್ಳಿ. ಎಸೆನ್ ಅಣ್ಣಾ, ಗುಂಡಿ ತಪ್ಪಿಸಿ!"

"ಗುಂಡಿ ತಪ್ಪಿಸಿದ್ರೆ ರಸ್ತೆಯೇ ಇರಲ್ಲ ಕಣಮ್ಮಾ," ಅಂದ ಎಸೆನ್.

ಪಟ್ಟಣದ ಸಭಾಂಗಣದಲ್ಲಿ ಉದ್ದನೆಯ ಮೇಜು. ಈ ತುದಿಯಿಂದ ಆ ತುದಿಗೆ ನಡೆದು ನಿಲ್ಲಬೇಕು. ತೀರ್ಪುಗಾರರ ನಡುವೆ ನರೆಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಹೆಂಗಸೊಬ್ಬರು ಕೂತಿದ್ದರು. ಭೌತಶಾಸ್ತ್ರದವರು, ನಗುವುದು ಅಭ್ಯಾಸವಿಲ್ಲದವರು. ಪಟ್ಟಣದ ಶಾಲೆಯವರು ಅಂಗಡಿಯಿಂದ ತರಿಸಿದ ಹೊಳೆಯುವ ಯಂತ್ರ ಬಿಟ್ಟರು. ಅದು ಠೀವಿಯಿಂದ ನೆಟ್ಟಗೆ ಹೋಗಿ, ನಿಲ್ಲದೆ, ಆ ತುದಿಯಿಂದ ಕೆಳಗೆ ಬಿತ್ತು.

"ಯಾಕೆ ನಿಲ್ಲಲಿಲ್ಲ?" ಅಂತ ಆಕೆ ಕೇಳಿದರು.

"ಗೊತ್ತಿಲ್ಲ ಮೇಡಂ. ಪೆಟ್ಟಿಗೆಯಿಂದ ಹಾಗೇ ಬಂದಿದೆ."

ನಮ್ಮ ಸರದಿ ಬಂತು. ಬೆಗಾಯಿಮ್ ಗುಂಡಿ ಒತ್ತಿದಳು. ಕುಲುನ್ ಒಂದು ಸಲ ಮೈ ಕೊಡವಿತು. ಹೆಜ್ಜೆ ಇಟ್ಟಿತು. ನಾಲ್ಕು ಹೆಜ್ಜೆ ಹೋಯಿತು. ಗಕ್ಕನೆ ನಿಂತಿತು. ಏನನ್ನೋ ನೆನೆಸಿಕೊಳ್ಳುವಂತೆ ಅತ್ತಿತ್ತ ಅಲ್ಲಾಡಿತು. ಆಮೇಲೆ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಹೊರಟಿತು.

"ಅಯ್ಯೋ, ಸಾಕ್ಷಾತ್ ಮೇಷ್ಟ್ರೇ!" ಅಜ್ಜಿ ಸಭೆಯ ನಡುವೆ ಎದ್ದು ನಿಂತು ಕೂಗಿದಳು. "ಜೇಬೊಂದಿಲ್ಲ ಅಷ್ಟೆ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಹೋದರು. ಹುಡುಗಿಯ ಬಾಳನ್ನು ತನ್ನ ಕೈಯಾರೆ ಕತ್ತರಿಸಿದೆನಲ್ಲಾ ಎಂದು ಅವರಿಗೆ ಜೀವವೇ ಬೇಡವಾಯಿತು.

ನರೆಗೂದಲಿನ ಮೇಡಂ ನಗಲಿಲ್ಲ. ಮುಂದೆ ಬಗ್ಗಿ ಕೇಳಿದರು: "ಯಾಕೆ ತಿರುಗಿತು? ನಿಂಗೆ ಗೊತ್ತಾ?"

ಬೆಗಾಯಿಮ್ ಆಗಲೇ ಕುಲುನ್‌ನನ್ನು ಮಗುಚಿ ನೋಡುತ್ತಿದ್ದಳು. ಅಳು ಬರುತ್ತಿತ್ತೇನೋ, ಆದರೆ ಅದಕ್ಕಿಂತ ಜೋರಾಗಿ ಕುತೂಹಲ ಬಂದಿತ್ತು.

"ಒಂದ್ನಿಮಿಷ ಮೇಡಂ... ಹಾಂ, ಸಿಕ್ತು! ಕಾರಲ್ಲಿ ಕಣ್ಣಿನ ತಂತಿ ಸೇರಿಸ್ವಾಗ ಅದಲು ಬದಲು ಮಾಡ್ಬಿಟ್ಟಿದೀನಿ. ಅದಕ್ಕೇ ದಾರಿ ಇರೋ ಕಡೆ ಗೋಡೆ ಇದೆ ಅಂದ್ಕೊಳ್ತಿದೆ, ಪಾಪ. ಕಾಲು ಸರಿಯಾಗೇ ಇದೆ. ಮುಂದೆ ಗೋಡೆ ಇದೆ ಅಂತ ಅದಕ್ಕೆ ಯಾರೋ ಸುಮ್ ಸುಮ್ನೆ ಹೇಳ್ತಾ ಇದ್ದಂಗೆ."

ಬಾತ್ಮಾ ಅಜ್ಜಿ ಮೆಲ್ಲಗೆ ಕೂತಳು.

"ಸರಿ ಮಾಡೋಕಾಗುತ್ತಾ?" ಅಂದರು ಮೇಡಂ.

ಬೆಗಾಯಿಮ್ ಆಗಲೇ ಹಲ್ಲಿನಲ್ಲಿ ಟೇಪು ಕಚ್ಚಿಕೊಂಡಿದ್ದಳು. ಎರಡು ತಂತಿ ಬಿಚ್ಚಿ, ಬದಲಿಸಿ, ಸುತ್ತಿದಳು. ಕುಲುನ್ ಎದ್ದು ಮೇಜಿನ ಉದ್ದಕ್ಕೂ ಟಕಟಕ ನಡೆಯಿತು. ತುದಿಗೆ ಹೋಗಿ, ಕೆಳಗೊಮ್ಮೆ ಇಣುಕಿದಂತೆ ಮಾಡಿ, ನಿಂತುಕೊಂಡಿತು.

"ಇದನ್ನೆಲ್ಲ ಯಾರು ಕಲಿಸಿದ್ದು?"

"ನಮ್ಮ ಮೇಷ್ಟ್ರು ಮೇಡಂ. ಅವರು ಏನಾದ್ರೂ ಒಂದು ಮರೀತಾನೇ ಇರ್ತಾರೆ. ಎಲ್ಲಿ ತಪ್ಪಿತು ಅಂತ ನಾವೇ ಹುಡುಕ್ಬೇಕು. ಹುಡುಕಿ ಹುಡುಕಿ ಬಂತು."

ಆಗ ಆ ಮೇಡಂ ನಕ್ಕರು. ಬಿಷ್ಕೆಕ್‌ನ ಸೀಟು ಬೆಗಾಯಿಮ್‌ಗೇ ಎಂದು ಸಂಜೆಯೊಳಗೆ ಹೇಳಿದರು. ಮೇಷ್ಟ್ರು ಹೆದರಿ ಹೆದರಿ ಅಜ್ಜಿಯ ಮುಖ ನೋಡಿದರೆ ಅಜ್ಜಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮೊದಲು ವಾಪಸ್ ಬಂತಲ್ಲ ಅಜ್ಜೀ... ಮಾತು..."

"ಮಾತು ಮಾತೇ. ನಡೀತಲ್ಲ! ಹೋಗ್ಲಿ ನನ್ನ ಕಂದ. ನಾನೇ ಗೋಡೆ ಗೋಡೆ ಅಂತಿದ್ದೆ, ಮುದಿ ಗೂಬೆ." ಅಜ್ಜಿ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಎಸೆನ್‌ನೂ ಅತ್ತ.

ದಾರಿಯುದ್ದಕ್ಕೂ ಮೇಷ್ಟ್ರಿಗೆ ಒಂದೇ ಆಸೆ: ಮನೆ ಸೇರಿ, ಷೂ ಬಿಚ್ಚಿ, ಒಂದು ಬಟ್ಟಲು ಬಿಸಿ ಚಹಾ. ಬೆನ್ನು ನೋಯುತ್ತಿತ್ತು, ಮಂಡಿ ತರಚಿತ್ತು. ಇನ್ನು ಈ ಜನ್ಮದಲ್ಲಿ ಓಡುವುದಿಲ್ಲ ಎಂದು ಎಸೆನ್ ಮುಂದೆ ಆಣೆಯನ್ನೂ ಇಟ್ಟರು.

ಕಾರು ಬೀದಿಗೆ ತಿರುಗಿದರೆ, ಮತ್ತೆ ಜನ. ಅಜ್ಜಿ ಪಟ್ಟಣದಿಂದಲೇ ಫೋನು ಮಾಡಿದ್ದಳು. ಈ ಸಲ ಮುಂದೆ ನಿಂತವಳು ತುರ್ಸುನಾಯ್. ಕಂಕುಳಲ್ಲಿ ಅವಳ ಪುಟ್ಟ ಮೊಮ್ಮಗಳು. ಮಗುವಿನ ಕಾಲಿಗೆ ಕಪ್ಪು ಬಿಳಿ ದಾರ. ಅವಳ ಹಿಂದೆ ಬೇಕರಿಯವಳು, ಅವಳ ಹಿಂದೆ ಬೆಳಗಿನ ಸೊಸೆಯರು, ಇನ್ನೂ ಯಾರ್ಯಾರೋ. ಎಲ್ಲರ ಕಂಕುಳಲ್ಲೂ ಒಂದೊಂದು ಹೆಣ್ಣುಮಗು, ಎಲ್ಲ ಕಾಲಿಗೂ ದಾರ.

"ಏನಕ್ಕಾ ಇದು?" ಅಂದರು ಮೇಷ್ಟ್ರು.

"ನೀವೇ ಕತ್ತರಿಸ್ಬೇಕು. ನಿಮ್ಮ ಕೈಗುಣ ಅಲ್ವಾ ಆ ಹುಡುಗಿಗೆ ಬಿಷ್ಕೆಕ್ ಕೊಡಿಸಿದ್ದು!"

"ಬೆಳಿಗ್ಗೆ ನನ್ನ ಕೈಲಿ ಬೇಡ ಅಂದೆಯಲ್ಲಾ?"

"ಬೆಳಗಿನ ಮಾತು ಈಗ್ಯಾಕೆ? ಗೇಟಿಂದ ಓಡಿ ಬನ್ನಿ. ಶಾಸ್ತ್ರ ಅಂದ್ಮೇಲೆ ಓಡ್ಲೇಬೇಕು."

ತುರ್ಸುನಾಯ್ ಮಗುವನ್ನು ಅಂಗಳದ ನಡುವೆ ನಿಲ್ಲಿಸಿದಳು. ಆಣೆ ಇಟ್ಟ ಮೇಷ್ಟ್ರು ಕುಂಟುತ್ತಾ ಗೇಟಿಗೆ ಹೋದರು. ಓಡಿದರು. ನಾಲ್ಕು ಹೆಜ್ಜೆ ಬಂದು ಗಕ್ಕನೆ ನಿಂತರು. ಜೇಬು ತಡವಿಕೊಂಡರು. ಮುಖ ಸುಣ್ಣ ಬಳಿದಂತಾಯಿತು.

"ಕುಲುನ್!" ಎಂದು ಕೂಗಿದರು. "ಮೇಜಿನ ಮೇಲೇ ಬಿಟ್ಟು ಬಂದೆ!" ಎಂದವರೇ ತಿರುಗಿ ಕಾರಿನ ಕಡೆ ಹೊರಟರು.

ಅಷ್ಟರಲ್ಲಿ ಮಗು ದಾರದ ಕಾಲಲ್ಲೇ ತತ್ತರಿಸುತ್ತಾ ಎರಡು ಹೆಜ್ಜೆ ಇಟ್ಟಿತು. ನಿಂತಿತು. ಕೈಯಲ್ಲಿ ಅಂಗಿ ತಡವಿಕೊಂಡಿತು. ತಿರುಗಿ ತನ್ನಜ್ಜಿ ತುರ್ಸುನಾಯ್ ಕಡೆಗೇ ಬಂತು.

"ನೋಡ್ರೇ, ದಾರ ಇನ್ನೂ ಕತ್ತರಿಸೇ ಇಲ್ಲ," ಎಂದು ತುರ್ಸುನಾಯ್ ಸಂಭ್ರಮದಿಂದ ಕಿರುಚಿದಳು, "ಆಗ್ಲೇ ಮೇಷ್ಟ್ರ ವಿದ್ಯೆ ಬಂತು! ಎಸೆನ್, ಆ ಕಾರಿನ ಕೀಲಿ ಇಲ್ಲಿ ಕೊಡು. ಈ ಮಕ್ಕಳದ್ದೆಲ್ಲ ಮುಗಿಯೋವರೆಗೂ ಇವರು ಎಲ್ಲೂ ಹೋಗೋ ಹಾಗಿಲ್ಲ."

ಎಸೆನ್ ಕೀಲಿ ಕೊಟ್ಟ. ಮೇಷ್ಟ್ರು ಗೇಟಿಗೆ ವಾಪಸ್ ಹೋದರು.