ಹಿಂದಿನ ಸೀಟಿನ ಬೀಗರು

ಗುಂಡಣ್ಣ: ನಿಂತಿದ್ದೆ ಅನ್ನಿ ಬೀಗರೇ! ಕೂತಿದ್ದೆ, ಕೂತಿದ್ದೆ ಅಂತ ಯಾಕೆ ಹಠ ಮಾಡ್ತೀರಿ?

ಅನಂತರಾಮು: ನಿಮ್ಮ ಸ್ಕೂಟರಲ್ಲಿ ನಿಮ್ಮ ಹಿಂದೆ ಕೂತು ಹೊರಟವನು ನಾನು. ನಿಂತಿದ್ದೆ ಅಂತ ಹೇಗೆ ಹೇಳ್ಲಿ?

ಗುಂಡಣ್ಣ: ಬಾಯಲ್ಲಿ!

ಜಯನಗರದ ತಮ್ಮ ಮನೆಯ ನಡುಮನೆಯಲ್ಲೇ, ಪ್ಲಾಸ್ಟರ್ ಹಾಕಿದ ಬಲಗಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು ಅನಂತರಾಮು ನೆಂಟರ ಹಾಗೆ ಮುದುರಿ ಕೂತಿದ್ದರು. ಎದುರಿಗಿದ್ದವರು ಗಂಡಿನ ತಂದೆ. ಮಗಳ ಮದುವೆಗೆ ಇನ್ನು ಎರಡೇ ತಿಂಗಳು. ಗಂಡಿನ ಕಡೆಯವರ ಮನೆಯ ಉಪ್ಪಿಟ್ಟಿನಲ್ಲಿ ಉಪ್ಪಿಲ್ಲ ಎಂದು ಕೂಡ ಹೇಳಬಾರದ ಹೊತ್ತು ಅದು.

ಹೋದ ತಿಂಗಳು ಬನಶಂಕರಿಯ ಛತ್ರ ನೋಡಿಬರಲೆಂದು ಇಬ್ಬರೂ ಹೊರಟಿದ್ದರು. ಗುಂಡಣ್ಣನವರು ದಾರಿ ಬಿಟ್ಟು, ಪುಟ್ಟೇನಹಳ್ಳಿ ಹತ್ತಿರ ತಾವು ಕೊಂಡ ಸೈಟು ತೋರಿಸುತ್ತೇನೆಂದು ಸ್ಕೂಟರನ್ನು ಆ ಕಡೆ ತಿರುಗಿಸಿದರು. ಕೆರೆಯ ಹತ್ತಿರದ ತಿರುವಿನಲ್ಲಿ ಅನಾಹುತವಾಯಿತು. ಗುಂಡಣ್ಣನವರ ಪ್ಯಾಂಟು ಹರಿಯಿತು, ಅನಂತರಾಮು ಅವರ ಕಾಲು ಮುರಿಯಿತು. ಮದುವೆಗೆಂದು ಎತ್ತಿಟ್ಟ ದುಡ್ಡಿನಲ್ಲಿ ಅರ್ಧ ಆಸ್ಪತ್ರೆಗೆ ಹೋಯಿತು. ಅದನ್ನು ಬೀಗರ ಮುಂದೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ವಿಮೆಯವರು ಕೊಟ್ಟರೆ ಛತ್ರ, ಕೊಡದಿದ್ದರೆ ಮನೆಯ ಮುಂದೆ ಚಪ್ಪರ.

ಪಕ್ಕದ ಬೀದಿಯ ಲಾಯರು ಜಯಸಿಂಹ ಪಾಲಿಸಿಯ ಕಾಗದವನ್ನು ಮೂರನೇ ಸಲ ಓದಿ ಮಡಿಸಿದ.

ಜಯಸಿಂಹ: ಇದು ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಇರೋ ಪಾಲಿಸಿ ಸಾರ್. ರಸ್ತೇಲಿರೋರಿಗೆ ಸ್ಕೂಟರ್ ಗುದ್ದಿದ್ರೆ ಕಂಪನಿ ಕೊಡತ್ತೆ. ಹಿಂದೆ ಕೂತೋರು ಬಿದ್ರೆ ಕೊಡಲ್ಲ. ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕಿತ್ತು.

ಅನಂತರಾಮು: ಅಂದ್ರೆ ದಾರೀಲಿ ಹೋಗೋನಿಗಿರೋ ಬೆಲೆ ಬೀಗನಿಗಿಲ್ಲ?

ಜಯಸಿಂಹ: ಸದ್ಯಕ್ಕೆ ಕಾನೂನು ಹಾಗೇ ಇದೆ ಸಾರ್.

ಗುಂಡಣ್ಣ: ಏಜೆಂಟ್ ಕೇಳ್ದ, ಹಿಂದಿನ ಸೀಟಿಗೂ ಹಾಕ್ಲಾ ಸಾರ್ ಅಂತ. ನಾನು ಓಡಿಸ್ತಿರೋವಾಗ ಹಿಂದೆ ಕೂತೋರಿಗೆ ಇನ್ನೆಂಥ ಇನ್ಶೂರೆನ್ಸಯ್ಯಾ ಅಂದು ಕಳಿಸ್ದೆ.

ಮೂಲೆಯಲ್ಲಿ ಹೂ ಕಟ್ಟುತ್ತ ಕೂತಿದ್ದ ಗುಂಡಣ್ಣನವರ ಹೆಂಡತಿ ಕಾತ್ಯಾಯಿನಿಗೆ ಯಾಕೋ ಕೆಮ್ಮು ಬಂತು.

ಗುಂಡಣ್ಣ: ಅದಕ್ಕೇ ಹೇಳ್ತಿರೋದು. ನಾಳೆ ನಿಮ್ಮ ಹೇಳಿಕೆ ಬರ್ಕೊಳ್ಳೋಕೆ ಪೊಲೀಸ್ನೋರು ಬರ್ತಾರೆ. ತಿರುವಲ್ಲಿ ಸುಮ್ನೆ ನಿಂತಿದ್ದೆ, ಗುಂಡಣ್ಣ ಬಂದು ಗುದ್ದಿದ್ರು ಅನ್ನಿ. ಮುಗೀತು!

ಅನಂತರಾಮು: ಮೂವತ್ತು ವರ್ಷ ಕೋರ್ಟಲ್ಲಿ ಗುಮಾಸ್ತನಾಗಿ ಸಾಕ್ಷಿಗಳ ಕೈಲಿ ಪ್ರಮಾಣ ಮಾಡ್ಸಿದೀನಿ. ಈಗ ಅದೇ ಬಾಯಲ್ಲಿ ಸುಳ್ಳು ಹೇಳ್ಲಾ?

ಗುಂಡಣ್ಣ: ನನ್ನ ಹೆಸರಿಗೆ ಮಸಿ ಬಳೀರಿ ಅಂತ ನಾನೇ ಹೇಳ್ತಿದ್ರೆ ನಿಮಗೇನ್ರೀ ಕಷ್ಟ? ಇಪ್ಪತ್ತು ವರ್ಷದಲ್ಲಿ ಒಂದು ಕೋಳೀಗೂ ತಾಗಿಸ್ದೋನಲ್ಲ ನಾನು. ನಿಮಗೋಸ್ಕರ ಒಪ್ಕೊಳ್ತಿದೀನಿ!

ಕಷ್ಟ ಏನೆಂದು ಅನಂತರಾಮು ಒಬ್ಬರಿಗೇ ಗೊತ್ತಿತ್ತು. ಅವರು ದಿಂಬು ಸರಿಮಾಡಿಕೊಂಡರು.

ಜಯಸಿಂಹ: ಸುಳ್ಳು ಕೇಸು ನಾನು ಹಾಕಲ್ಲ ಸಾರ್.

ಗುಂಡಣ್ಣ: ಕೇಳಿಸ್ಕೊಳ್ಳೋಕೇನು ಫೀಸಾ? ಕೇಳಿ. ಬೀಗರು ಟ್ರಾನ್ಸ್‌ಫಾರ್ಮರ್ ಹತ್ರ ನಿಂತಿದ್ರು...

ಅನಂತರಾಮು: ಟ್ರಾನ್ಸ್‌ಫಾರ್ಮರ್ ಅಲ್ಲ, ಹುಣಸೇಮರ.

ಗುಂಡಣ್ಣ: ಹುಣಸೇಮರಾನೇ ಆಗ್ಲಿ. ನಾನು ಎಡಗಡೆಯಿಂದ ಬಂದೆ...

ಅನಂತರಾಮು: ಎಡಗಡೆ ಎಮ್ಮೆಗಳಿದ್ವು. ನೀವು ಬಂದಿದ್ದು ಬಲಗಡೆ.

ಗುಂಡಣ್ಣ: ನೋಡಿದ್ರಾ ಲಾಯರೇ, ಶುರು ಹಚ್ಕೊಂಡ್ರೆ ಎಷ್ಟು ಚೆನ್ನಾಗಿ ಹೇಳ್ತಾರೆ! ಮುಂದಿನ ಚಕ್ರ ಇವರ ಕಾಲಿಗೆ ಬಡೀತು.

ಅನಂತರಾಮು: ಮುಂದಿನ ಚಕ್ರ ಚರಂಡಿಗಿಳೀತು. ಹಿಂದಿನದು ತಿರುಗ್ಕೊಂಡು ಬಂದು ಬಡೀತು.

ಜಯಸಿಂಹ ಪೆನ್ನಿನ ಕ್ಯಾಪು ಹಾಕಿದ.

ಜಯಸಿಂಹ: ಸಾರ್, ಸೀಟಿನ ಮೇಲೆ ಕೂತಿದ್ದ ನಿಮ್ಮ ಕಾಲಿಗೆ ಅದೇ ಸ್ಕೂಟರಿನ ಹಿಂದಿನ ಚಕ್ರ ಹೇಗೆ ತಿರುಗ್ಕೊಂಡು ಬಂತು?

ಅನಂತರಾಮು: ಇನ್ನೊಂದು ಲೋಟ ಕಾಫಿ ತರಿಸ್ಲಾ?

ಜಯಸಿಂಹ: ಸಾರ್, ಮೂವತ್ತು ವರ್ಷ ಪ್ರಮಾಣ ಮಾಡ್ಸಿದೋರು ನೀವು. ನಿಜವಾಗ್ಲೂ ಎಲ್ಲಿದ್ರಿ?

ಅನಂತರಾಮು ಒಳಕೋಣೆಯ ಕಡೆ ನೋಡಿದರು. ಬಾಗಿಲ ಸಂದಿಯಲ್ಲಿ ಮಗಳ ಸೀರೆಯ ಅಂಚು ಕಾಣುತ್ತಿತ್ತು. ಹೇಳಿದರೆ ಸಂಬಂಧ ಕೆಡುತ್ತದೆ, ಹೇಳದಿದ್ದರೆ ಛತ್ರ ಕೈತಪ್ಪುತ್ತದೆ. ಇಂಥ ಇಕ್ಕಟ್ಟು ಶತ್ರುವಿಗೂ ಬೇಡ.

ಅನಂತರಾಮು: ಹುಣಸೇಮರದ ಕೆಳಗೆ. ನಿಂತಿದ್ದೆ.

ಗುಂಡಣ್ಣ: ಭೇಷ್! ನಾಳೇನೂ ಹೀಗೇ ಹೇಳಿ!

ಅನಂತರಾಮು: ಸುಳ್ಳಲ್ಲ ಬೀಗರೇ. ತಿರುವಿಗೆ ಮುಂಚೆ ಎಮ್ಮೆ ದಾಟ್ಲಿ ಅಂತ ನಿಲ್ಲಿಸಿದ್ರಲ್ಲ, ಆಗ ಮೆಲ್ಲಗೆ ಇಳ್ಕೊಂಡೆ. ತಿರುವು ದಾಟಿದ್ಮೇಲೆ ಮತ್ತೆ ಹತ್ತೋಣ ಅಂತ ಅಡ್ಡದಾರೀಲಿ ಹೋಗಿ ನಿಂತೆ.

ಗುಂಡಣ್ಣ: ಇಳ್ಕೊಂಡ್ರಾ? ಮತ್ತೆ ಅಷ್ಟು ದೂರ ನಾನು ಯಾರ ಜೊತೆ ಮಾತಾಡ್ತಿದ್ದೆ?

ಅನಂತರಾಮು: ಅದು ನನಗೂ ಕೇಳಿಸ್ತಿತ್ತು. ಸೈಟಿನ ಅಳತೆ ಹೇಳ್ತಾ ಬಂದ್ರಿ. "ಅಲ್ವೇ ಬೀಗರೇ" ಅಂತ ಹಿಂದೆ ತಿರುಗಿದ್ರಿ. ಮುಂದಿದ್ದ ಬೀಗರು ಕಾಣ್ಲಿಲ್ಲ.

ಗುಂಡಣ್ಣ: ಒಟ್ಟಿಗೇ ಬಿದ್ವಿ ಅಂತ ಯಾಕೆ ಹೇಳಿದ್ರಿ ಹಾಗಾದ್ರೆ?

ಅನಂತರಾಮು: ನೀವು ಓಡಿಸೋದಕ್ಕೆ ಹೆದರಿ ಇಳ್ಕೊಂಡೆ ಅಂತ ಗಂಡಿನ ತಂದೆಗೆ ಹೇಗ್ರೀ ಹೇಳೋದು?

ಜಯಸಿಂಹನ ಮುಖ ಅರಳಿತು. ಪೆನ್ನಿನ ಕ್ಯಾಪು ಮತ್ತೆ ಕಳಚಿತು.

ಜಯಸಿಂಹ: ಸಾರ್, ನೀವು ದಾರಿಹೋಕರು! ಕಂಪನಿ ಕೊಡ್ಲೇಬೇಕು. ಗುಂಡಣ್ಣನೋರೇ, ಅಜಾಗರೂಕತೆಯಿಂದ ಓಡಿಸಿದೆ ಅಂತ ನೀವು ಒಪ್ಕೊಂಡ್ರೆ ಕೇಸು ಸಲೀಸು.

ಗುಂಡಣ್ಣ: ಸಾಧ್ಯವೇ ಇಲ್ಲ!

ಜಯಸಿಂಹ: ಈಗ ತಾನೆ ಒಪ್ಕೊಳ್ತಿದ್ರಲ್ಲ ಸಾರ್?

ಗುಂಡಣ್ಣ: ಆಗ ಅದು ಸುಳ್ಳಾಗಿತ್ತು, ಒಪ್ಕೊಂಡೆ. ನಿಜ ಅಂದ್ಮೇಲೆ ಹೇಗ್ರೀ ಒಪ್ಕೊಳ್ಳೋದು? ನನ್ನ ಮರ್ಯಾದೆ ಏನಾಗ್ಬೇಕು?

ಕಾತ್ಯಾಯಿನಿ ಹೂವಿನ ದಾರವನ್ನು ಹಲ್ಲಿನಿಂದ ಕಡಿದರು.

ಕಾತ್ಯಾಯಿನಿ: ಒಪ್ಕೊಳ್ರೀ. ಸೈಟು ತಗೊಂಡಾಗಿನಿಂದ ಆ ತಿರುವಲ್ಲಿ ನಾನೂ ಇಳ್ಕೊಂಡೇ ಬರ್ತಿರೋದು.

ಗುಂಡಣ್ಣ: ನೀನೂನಾ? ಸೈಟಿಗೆ ಹೋಗಿ ನೋಡಿದ್ರೆ ಯಾವಾಗ್ಲೂ ಹಿಂದೇನೇ ಇರ್ತಿದ್ಯಲ್ಲೇ!

ಕಾತ್ಯಾಯಿನಿ: ತಿರುವು ದಾಟಿದ್ಮೇಲೆ ರೋಡಿನ ಉಬ್ಬಿನ ಹತ್ರ ಗೇರ್ ಬೀಳ್ದೆ ನೀವು ಒದ್ದಾಡ್ತೀರಲ್ಲ, ಆಗ ಹತ್ಕೊಳ್ತಿದ್ದೆ. ಬೀಗರೇ, ನಿಲ್ಲೋ ಜಾಗ ಹುಣಸೇಮರದ ಕೆಳಗಲ್ಲ, ಮರದ ಹಿಂದೆ. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.

ಗುಂಡಣ್ಣನವರ ಮುಖ ಕೆಂಪಾಯಿತು. ಎದ್ದು ನಿಂತು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು.

ಗುಂಡಣ್ಣ: ಹಾಗಾದ್ರೆ ಬೀಗರೇ, ಈ ಸಂಬಂಧ...

ಅನಂತರಾಮು ಒಳಕೋಣೆಯ ಕಡೆ ತಿರುಗಿದರು. ಬಾಗಿಲ ಸಂದಿಯ ಸೀರೆಯಂಚು ಕೂಡ ಅಲುಗಲಿಲ್ಲ.

ಗುಂಡಣ್ಣ: ...ಈ ಸಂಬಂಧ ಮುಂದುವರೀಬೇಕಾದ್ರೆ ನನ್ನದೊಂದು ಷರತ್ತಿದೆ. ಲಾಯರು ಹೇಳಿದ ಕಡೆ ಸೈನ್ ಹಾಕ್ತೀನಿ. ಆದ್ರೆ ನಿಮ್ಮ ಕಾಲು ವಾಸಿಯಾದ್ಮೇಲೆ, ಅದೇ ಸ್ಕೂಟರಲ್ಲಿ, ಅದೇ ತಿರುವಲ್ಲಿ, ನೀವು ನನ್ನ ಹಿಂದೆ ಕೂತು ಬರ್ಬೇಕು. ಮಧ್ಯೆ ಇಳಿಯೋ ಹಾಗಿಲ್ಲ!

ನಿಶ್ಚಿತಾರ್ಥವಾದ ದಿನದಿಂದ ಇದೇ ಮೊದಲ ಸಲ ಅನಂತರಾಮು ಬೀಗರ ಮುಖವನ್ನು ನೆಟ್ಟಗೆ ನೋಡಿದರು.

ಅನಂತರಾಮು: ಧಾರಾಳವಾಗಿ ಕೂರ್ತೀನಿ ಬೀಗರೇ. ಮೊದಲು ಹಿಂದಿನ ಸೀಟಿನ ಪ್ರೀಮಿಯಂ ಕಟ್ಟಿ, ರಸೀದಿ ತಂದು ತೋರ್ಸಿ.