ಎಳ್ಳಮಾಸಿ ಊಟಕ್ಕ ಏನು ಒಯ್ಯೋದು?

ಊಟಕ್ಕ ಕರದವರಲ್ಲಿ ಕೈ ಬೀಸಿಕೊಂಡು ಹೋಗಬಾರದು ಅಂತ ನಮ್ಮವ್ವ ಹೇಳಿಕೊಟ್ಟಾಳ. ಏನು ಹಿಡಕೊಂಡು ಹೋಗಬೇಕು ಅಂತ ಮಾತ್ರ ಹೇಳಿಲ್ಲ. ಅದಕ್ಕೇ ನಮಗ ವರ್ಷಕ್ಕೊಂದು ಫಜೀತಿ ತಪ್ಪಿದ್ದಲ್ಲ.

ನಾನು ಸೇಡಂದಾಗ ಗುಮಾಸ್ತ. ನಮ್ಮ ಹೆಡ್ ಕ್ಲರ್ಕ್ ಸಾಹೇಬ್ರ ಹೊಲ ಚಿತ್ತಾಪುರ ಕಡೆ ಅದ. ಪ್ರತಿ ಎಳ್ಳಮಾಸಿಗೆ, ಅಂದ್ರ ಎಳ್ಳ ಅಮಾವಾಸ್ಯಿಗೆ, ಹೊಲದ ಪೂಜಿ ಮಾಡಿ ಮಂದಿನ್ನ ಕರದು ಉಣಸ್ತಾರ; ಅಲ್ಲೇ ನಮ್ಮ ಊಟ. ಸಾಹೇಬ್ರ ಮನಿಯವರಿಗೆ ನಾವು ಅಕ್ಕೋರು ಅಂತೀವಿ. ಅವರು ಬಡಿಸಲಿಕ್ಕೆ ನಿಂತರ, ಸಾಕಂತ ಕೈ ಅಡ್ಡ ಹಿಡಿದರೂ ಕೈ ಮ್ಯಾಲೇ ಕಾಳು-ಕಾಯಿಪಲ್ಯದ ಭಜ್ಜಿ ಬೀಳತದ. ಇಷ್ಟು ಪ್ರೀತಿಲೆ ಉಣಿಸೋ ಅಕ್ಕೋರ ಮನ್ಯಾಗ ನಮ್ಮದೊಂದು ವಸ್ತು ಉಳೀಬೇಕು ಅನ್ನೋದು ನನ್ನ ಹೆಂಡತಿ ಆಸಿ.

೧. ಒಂದು ಕಿಲೋ ಪೇಢೆ

ಮೊದಲನೇ ವರ್ಷ ಚೀಲದಾಗ ಒಂದು ಕಿಲೋ ಪೇಢೆ ಒಯ್ದಿವಿ. ಹೊಂಟಾಗ ಅದೇ ಚೀಲ ವಾಪಸ್ ಕೈಗೆ ಬಂತು. ಎತ್ತಿದರ ಏಳವಲ್ದು!

“ಖಾಲಿ ಚೀಲ ಹೆಂಗ ಕಳಸಲಿ ತಂಗಿ?” ಅಂದರು ಅಕ್ಕೋರು.

ಒಳಗ ಸಜ್ಜಿ ರೊಟ್ಟಿ, ಕಡಬು, ಹಸಿ ಕಡ್ಲಿ, ಬದನೀಕಾಯಿ. ಇಬ್ಬರೂ ಕೂಡಿ ಬಸ್ಸಿನ್ಯಾಗ ಏರಿಸೋದ್ರಾಗ ಕಂಡಕ್ಟರ್ ಕೇಳಿದ, “ಸಂತಿ ಜೋರ್ ಆತೇನ್ರಿ?”

೨. ಬೇವಿನ ಗಿಡದ ಗಡಿಯಾರ

ಮರುವರ್ಷ ನಾನು ಶಾಣ್ಯಾತನ ಮಾಡಿ ಗೋಡಿ ಗಡಿಯಾರ ಒಯ್ದೆ. ಹೊಲದಾಗ ಗೋಡಿ ಎಲ್ಲಿಂದ ಬರಬೇಕು? ಸಾಹೇಬ್ರು ಖುಷಿಲೆ ಬೇವಿನ ಗಿಡಕ್ಕ ತೂಗಹಾಕಿದರು. ಅಂಗಡಿಯವ ಸೆಲ್ ಹಾಕಿ ಕೊಟ್ಟಿದ್ದ, ಟೈಮ್ ಸರಿ ಮಾಡೋದು ನಾನು ಮರತಿದ್ದೆ. ಒಂದೂವರಿ ತಾಸು ಮುಂದ ಓಡ್ಲಿಕತ್ತಿತ್ತು.

ಉಂಡು ಗಿಡದ ನೆಳ್ಳಿಗೆ ಅಡ್ಡಾದ ಮಂದಿ ಕಣ್ಣು ತೆರದು ನೋಡಿ, “ಅಯ್ಯಯ್ಯೋ, ಬಸ್ ಹೋತು!” ಅಂತ ಚಪ್ಪಲಿ ಕೈಯಾಗ ಹಿಡಕೊಂಡು ಓಡಿದರು. ರಸ್ತಾಕ್ಕ ಮುಟ್ಟಿ ಮೊಬೈಲ್ ನೋಡಿದಾಗ ಖರೇ ಟೈಮ್ ಗೊತ್ತಾತು. ಬೈಕೋತ ತಿರುಗಿ ಬಂದರು. ಓಡಿದ್ದಕ್ಕ ಹಸಿವಾಗಿತ್ತು, ಮತ್ತ ಊಟಕ್ಕ ಕುಂತರು.

ನನಗ ತಲಿ ಎತ್ತಲಿಕ್ಕೆ ಆಗಲಿಲ್ಲ. ಅಕ್ಕೋರು ಮಾತ್ರ ನಕ್ಕೋತ, “ಭಾಳ ಚಲೋ ಗಡಿಯಾರರಿ! ಉಳದ ಅಡಗಿ ಎಲ್ಲಾ ಖರ್ಚಾತು,” ಅಂದರು.

೩. ಹೆಸರಿನ ಡಬ್ಬಿ

ಆ ಗಡಿಯಾರ ಅದೇ ಸಂಜಿಗೆ ಮಂಗ್ಯಾಗಳ ಪಾಲಾತು. ಹಿಂಗಾಗಿ ಈ ವರ್ಷ ಹೆಂಡತಿ, “ನೀವು ಸುಮ್ಮ ಕುಂದ್ರಿ, ನಾ ನೋಡ್ತೀನಿ,” ಅಂತ ತಾನೇ ಹೋಗಿ ಚಂದನ ಸ್ಟೀಲ್ ಡಬ್ಬಿ ತಂದಳು. ಕೊಟ್ಟವರು ಯಾರಂತ ಕಾಯಂ ನೆನಪಿರಲಿ ಅಂತ ಮುಚ್ಚಳದ ಮ್ಯಾಲ ನಮ್ಮಿಬ್ಬರ ಹೆಸರು ಕೆತ್ತಿಸಿದ್ದಳು. ಖಾಲಿ ಕೊಡಬಾರದಂತ ಒಳಗ ಬೇಸನ್ ಉಂಡಿ ತುಂಬಿದಳು.

ಅಕ್ಕೋರು ಉಂಡಿ ತಿಂದು ಬಾಯ್ತುಂಬ ಹೊಗಳಿದರು. ಡಬ್ಬಿ ಬಗ್ಗೆ ಒಂದು ಮಾತಿಲ್ಲ. ಸಂಜಿಗೆ ನಾವು ಬಸ್ ಹತ್ತಿ ಕುಂತೀವಿ, ಅಕ್ಕೋರು ಸೆರಗು ಸೊಂಟಕ್ಕ ಸಿಗಿಸಿ ಓಡಿಕೋತ ಬಂದರು. ಕಿಡಕ್ಯಾಗಿಂದ ಡಬ್ಬಿ ಒಳಗ ತುರುಕಿದರು. ಲಕಲಕ ತಿಕ್ಕಿ ತೊಳದು, ಶೇಂಗಾ ಹೋಳಿಗಿ ತುಂಬಿದ್ದರು.

“ಹೊಸಾ ಡಬ್ಬಿ ಬಿಟ್ಟು ಹೊಂಟೀಯಲ್ಲ ತಂಗಿ! ಪುಣ್ಯಾಕ್ಕ ಹೆಸರು ಹಾಕಿಸೀದಿ. ಇಲ್ಲಂದ್ರ ಯಾರದಂತ ಹುಡುಕಲಿ?”

ಹೆಂಡತಿ ಬಾಯಿ ತೆರೆಯೋದ್ರಾಗ ಬಸ್ ಬಿಟ್ಟಿತು. ಪಾಪ, ಮಾರಿ ಸಣ್ಣದಾಗಿತ್ತು. ನನಗೂ ಕೆಟ್ಟನಿಸಿತು.

“ಹೋಗ್ಲಿ ಬಿಡು, ಬ್ಯಾಸರ ಮಾಡಿಕೋಬ್ಯಾಡ,” ಅಂದೆ.

ಅಕಿ ಮುಚ್ಚಳದ ಮ್ಯಾಲಿನ ಹೆಸರು ನೋಡಿದಳು. ಆಮ್ಯಾಲ ಮುಚ್ಚಳ ತೆಗೆದು ಒಂದು ಹೋಳಿಗಿ ಮುರದು ಅರ್ಧ ನನಗ ಕೊಟ್ಟು, ಇನ್ನರ್ಧ ತಾನು ತಿಂದಳು.

“ಅಲ್ರಿ, ಮುಂದಿನ ವರ್ಷ ಇನ್ನೊಂದ್ ಸೈಜ್ ದೊಡ್ಡ ಡಬ್ಬಿ ತೊಗೊಳೋಣ,” ಅಂದಳು. “ಹೆಸರು ಹಾಕಿಸೋದು ಮಾತ್ರ ಮರೀಬ್ಯಾಡ್ರಿ.”