ಮಳೆ ಬೇಡವೆಂದು ಹರಕೆ ಹೊತ್ತವನು

ಕಲ್ಯಾಣದುರ್ಗದ ಸೀಮೆಯಲ್ಲಿ ಮಳೆ ಬರಲೆಂದು ಕಪ್ಪೆಗೆ ಮದುವೆ ಮಾಡಿದವರಿದ್ದಾರೆ, ಕತ್ತೆಗೆ ಮಾಡಿದವರಿದ್ದಾರೆ. ಆದರೆ ಮಳೆ ಬೇಡವೆಂದು ಆಂಜನೇಯನಿಗೆ ನೂರೊಂದು ವಡೆಯ ಹಾರ ಹೊತ್ತುಕೊಂಡ ಮಹಾನುಭಾವ ಒಬ್ಬನೇ ಒಬ್ಬ. ಅವನು ನನ್ನ ಬಾಮೈದ, ಹೆಂಡತಿಯ ತಮ್ಮ! ಊರಿಗೆ ಈ ವಿಷಯ ತಿಳಿದಿದ್ದರೆ ಅವನಿಗೇ ಒಂದು ಕಪ್ಪೆ ಕಟ್ಟಿಬಿಡುತ್ತಿದ್ದರು!

ಇಷ್ಟಕ್ಕೂ ಅವನದು ನಾಲ್ಕು ಎಕರೆ ಕಡಲೆಕಾಯಿ ಹೊಲ. ಹಸ್ತ, ಚಿತ್ತೆ ಮಳೆ ಬಿದ್ದರೇ ಕಾಯಿ ತುಂಬುವುದು. ಮತ್ತೆ ಮಳೆ ಯಾಕೆ ಬೇಡ? ಯಾಕೆಂದರೆ ಹೊಲದ ಮೂಲೆಯಲ್ಲಿ, ತೊಗರಿ ಸಾಲಿನ ಮರೆಯಲ್ಲಿ, ಏಳು ಗಾಂಜಾ ಗಿಡಗಳಿದ್ದವು! ಅವು ಹೂ ಕಟ್ಟುವುದೂ ಸರಿಯಾಗಿ ಹಸ್ತ, ಚಿತ್ತೆಯ ಹೊತ್ತಿಗೇ. ಆಗ ಮಳೆ ಹಿಡಿದರೆ ಹೂವಿಗೆ ಬೂಷ್ಟು ಬಂದು ಒಳಗೊಳಗೇ ಕೊಳೆಯುತ್ತದೆ. ಅದಕ್ಕೇ ಅವನ ಪ್ರಾರ್ಥನೆ ಹೀಗಿತ್ತು: "ಸ್ವಾಮೀ, ಕಳ್ಳೇಕಾಯ್ ಮ್ಯಾಲೆ ಹುಯ್ಸು, ಮೂಡ್ಲು ಮೂಲೆ ಬುಟ್ಬುಡು!" ದೇವರಿಗೇ ಚೆಕ್ಕುಬಂದಿ ಬರೆದುಕೊಟ್ಟ ಇನ್ನೊಬ್ಬನನ್ನು ನಾನಂತೂ ಕಂಡಿಲ್ಲ.

ಭಾರೀ ಸೇದುವ ಆಸಾಮಿ ಇರಬೇಕು ಎಂದುಕೊಂಡಿರಾ? ಪಕ್ಕದವನು ಬೀಡಿ ಹಚ್ಚಿದರೆ ನಡುದಾರಿಯಲ್ಲೇ ಬಸ್ಸಿಳಿದು ಹೋಗುವ ಪ್ರಾಣಿ ಅದು! ಮಾರುತ್ತಿದ್ದನೆ? ಒಂದೆಲೆಯನ್ನೂ ಮಾರಿದವನಲ್ಲ. ಆ ಏಳು ಗಿಡಕ್ಕೆ ಇದ್ದ ಒಬ್ಬನೇ ಒಬ್ಬ ಗಿರಾಕಿ ಹಿಂದೂಪುರದಲ್ಲಿದ್ದ. ಅವನು ನಾನು. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕಾಗಿದೆ? ಹೇಳಿಯೇಬಿಡುತ್ತೇನೆ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆತನ. ಹತ್ತನೇ ಕ್ಲಾಸು ಮುಗಿಸಿ ಮಗ್ಗಕ್ಕೆ ಕೂತ ನಾನು ಭಜನೆಯ ಗುಂಪಿನಲ್ಲಿ ತಾಳ ಕಲಿಯಲು ಹೋಗಿ ಚಿಲುಮೆ ಕಲಿತೆ. ತಾಳ ಇವತ್ತಿಗೂ ಬರುವುದಿಲ್ಲ! ಚಿಲುಮೆ ಮಾತ್ರ ಮೂವತ್ತು ವರ್ಷ ಕೈಬಿಡಲಿಲ್ಲ. ಹೀಗಿರುವಾಗ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆಗೆ ಧಾರೆ ಸೀರೆ ನೇಯುವ ಭಾಗ್ಯ ಬಂತು. ಹೊಗೆಯ ಗುಂಗಿನಲ್ಲಿ ಅಂಚಿನ ಚಿತ್ತಾರ ಮೂಡಿಸುವ ಜಕಾರ್ಡಿನ ತೂತಿನ ಅಟ್ಟೆಗಳನ್ನು ತಿರುವುಮುರುವಾಗಿ ಪೋಣಿಸಿದ್ದೆ. ಸೀರೆಯನ್ನು ಮಗ್ಗದಿಂದ ಇಳಿಸಿದ್ದೇ ಮುಹೂರ್ತದ ಬೆಳಗ್ಗೆ, ಮಡಿಕೆ ಬಿಚ್ಚಿ ನೋಡಲು ಯಾರಿಗೆ ಪುರುಸೊತ್ತು? ಮದುಮಗಳು ಹಸೆಮಣೆಗೆ ಬಂದಾಗ ನೋಡುತ್ತೇವೆ, ಅಂಚಿನ ನೂರಾರು ನವಿಲುಗಳು ಸಾಲಾಗಿ ಶೀರ್ಷಾಸನ ಹಾಕಿವೆ!

ಗಂಡಿನ ಕಡೆಯ ಹೆಂಗಸೊಬ್ಬಳು ನನ್ನ ಹೆಂಡತಿಯನ್ನು ಕೇಳಿದಳು: "ಏನಕ್ಕಾ, ನಿಮ್ಮೆಜಮಾನ್ರು ನವಿಲಿಗೂ ಸೇದ್ಸವ್ರಾ?"

ಛತ್ರವೆಲ್ಲ ನಕ್ಕಿತು. ನಾಚಿಕೆಯಿಲ್ಲದ ನಾನೂ ನಕ್ಕೆ. ನಗದೆ ಇದ್ದವಳು ನನ್ನ ಹೆಂಡತಿಯೊಬ್ಬಳೇ. ಆ ಛತ್ರದಿಂದಲೇ ತಮ್ಮನ ಜೊತೆ ಕಲ್ಯಾಣದುರ್ಗದ ಬಸ್ಸು ಹತ್ತಿ ಹೊರಟುಹೋದಳು.

ವಾರದ ಮೇಲೆ ಬಾಮೈದನ ಫೋನು. "ಬಾವ, ರೋಡಲ್ಲಿ ಪೊಟ್ಣ ತಗಂಡು ಸಿಕ್ಕಾಕ್ಕಂಡ್ರೆ ಮರ್ವಾದೆ ಹೋಯ್ತದೆ. ನಮ್ಮ ಹೊಲ್ದಾಗೆ ನಾನೇ ಬೆಳ್ದು ತಂದ್ಕೊಡ್ತೀನಿ. ಬ್ಯಾರೆ ಯಾರತ್ರಾನೂ ಮುಟ್ಟಂಗಿಲ್ಲ, ಅದೊಂದು ಷರತ್ತು."

"ನಿಮ್ಮಕ್ಕ ಏನಂತಾಳೋ?"

"ಗಿಡ ಎಲ್ಲೈತೋ ಅಲ್ಲಿಗೆ ಬಂದು ನಿನ್ ಕೈಯಾರೆ ಕಿತ್ತಾಕಿದ್ ದಿನ ಬತ್ತಾಳಂತೆ. ಅಲ್ಲೀಗಂಟ ನಿನ್ ನವ್ಲು ನಿಂಗೇ ಅಂದವ್ಳೆ."

ಎರಡನೆಯ ಮಾತು ನನ್ನ ಕಿವಿಗೆ ಬಿದ್ದರೆ ತಾನೆ! ಹೆಂಡತಿಯ ಸ್ವಂತ ತಮ್ಮನೇ ನನ್ನ ಪಕ್ಷ ಸೇರಿದನಲ್ಲ ಎಂದು ಮಗ್ಗದ ಗುಂಡಿಯಲ್ಲೇ ಕುಣಿದಾಡಿದೆ.

ಅಲ್ಲಿಂದ ಶುರುವಾಯಿತು ಅವನ ಹವಾಮಾನದ ಹುಚ್ಚು! ರೋಹಿಣಿ ಮಳೆಗೆ ಬೀಜ, ಆರಿದ್ರೆಗೆ ಸಸಿ, ಮಖೆಯಲ್ಲಿ ಆಳೆತ್ತರ, ಉತ್ತರೆಗೆ ಮೊಗ್ಗು, ಆಮೇಲೆ ಒಂದು ಹನಿಯೂ ಬೀಳಬಾರದು! ಮೊದಲ ವರ್ಷ ಆಷಾಢದ ಗಾಳಿ ಎರಡು ಗಿಡ ಮುರಿಯಿತಂತೆ. "ಬೆಟ್ಟದ್ ಮ್ಯಾಲಿನ ಗಾಳಿಫ್ಯಾನೇ ಗಡಗಡ ಅಂತಿತ್ತು ಬಾವ, ಗಿಡ ಎಷ್ಟರದು!" ಎಷ್ಟು ಉಳಿದವೋ ಮರುವರ್ಷ ಅಷ್ಟೇ ಬೀಜ ಹಾಕುವುದು ಅವನ ನೇಮ. ಎರಡನೇ ವರ್ಷ ಐದರಲ್ಲಿ ಎರಡು ಬಿಸಿಲಿಗೆ ಸುಟ್ಟವು. ಮೂರನೇ ವರ್ಷ, ಎಷ್ಟು ಹರಕೆ ಹೊತ್ತರೂ, ಹಸ್ತ ಮಳೆ ಇನ್ನೆರಡನ್ನು ಕೊಳೆಸಿತು. ನಾನು ಹಿಂದೂಪುರದಲ್ಲಿ ನಿಂತು ಆಕಾಶಕ್ಕೆ ಬೈದ ಬೈಗುಳ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ! ಬೈದರೇನು, ಬರುವ ಡಬ್ಬಿ ಚಿಕ್ಕದಾಗುತ್ತಲೇ ಹೋಯಿತು. ಎರಡು ಹೊತ್ತಿನ ಸೇವೆ ಒಂದು ಹೊತ್ತಾಯಿತು, ಆಮೇಲೆ ಶನಿವಾರದ ಭಜನೆಗೆ ಮಾತ್ರ.

ಇದರ ಜೊತೆಗೆ ದಿನಾ ಬೆಳಗ್ಗೆ ಆರಕ್ಕೆ ಫೋನು. ಹಿಂದೂಪುರದ ಮೇಲೆ ಇವತ್ತು ಕಂಡ ಮೋಡ ನಾಳೆ ಸಾಯಂಕಾಲ ಕಲ್ಯಾಣದುರ್ಗ ತಲುಪುತ್ತದೆ ಎನ್ನುವುದು ಅವನ ಶೋಧನೆ. ಮೋಡ ಏನು, ಪೆನುಕೊಂಡದಲ್ಲಿ ಟೀ ಕುಡಿದು ಬರುವ ಲಾರಿಯೇ?

"ಬಾವ, ಮಾಳಿಗೆ ಹತ್ತಿದ್ಯಾ?"

"ಹತ್ತಿದೀನಿ ಕಣಪ್ಪ," ಎಂದೆ ಒಂದು ದಿನ, ಹಾಸಿಗೆಯಿಂದಲೇ. "ಆಕಾಶ ತೊಳೆದಿಟ್ಟಂಗೈತೆ."

"ಎದುರುಮನೆ ನೀರಿನ್ ಟ್ಯಾಂಕಿನ್ ಮ್ಯಾಲೆ ಎಷ್ಟು ಕಾಗೆ ಕೂತವೆ?"

"ಮೂರು."

"ಸುಳ್ಳು! ಮೂರು ಕಾಗೆ ಇದ್ರೆ ಒಂದಾದ್ರೂ ಕೂಗ್ಬೇಕಲ್ಲ? ನಂಗೆ ಫ್ಯಾನಿನ ಸದ್ದು ಕೇಳ್ತೈತೆ. ಎದ್ದೇಳು ಬಾವ!"

ಅವತ್ತಿನಿಂದ ಹತ್ತಿದೆ. ದಿನಾ ಮೋಡದ ವರದಿ, ಕಾಗೆಯ ವರದಿ. ಒಂದು ಕುಂಟು ಕಾಗೆ ಪರಿಚಯವಾಗಿ ನನ್ನ ಕೈಯಿಂದಲೇ ಇಡ್ಲಿ ತಿನ್ನತೊಡಗಿದ ಸಮಾಚಾರವನ್ನೂ ಕೊಟ್ಟೆ. ಆಶ್ಚರ್ಯ, ಬೆಳಗಿನ ಚಿಲುಮೆಯ ನೆನಪೇ ಆಗುತ್ತಿರಲಿಲ್ಲ!

ನಾಲ್ಕನೇ ವರ್ಷ, ಅಂದರೆ ಹೋದ ವರ್ಷ, ಉಳಿದದ್ದು ಒಂದೇ ಗಿಡ. ಆದರೆ ಅದರ ಮಾಲು ಬಂತು ನೋಡಿ, ಅದ್ಭುತ! ಸ್ವಲ್ಪ ಹುಳಿ ಘಾಟು.

"ಸ್ವಾತಿ ಇಬ್ಬನಿ ಕುಡ್ದೈತೆ ಬಾವ, ಅದ್ಕೇ ಹುಳಿ," ಎಂದ.

"ಏನು ಏರು ಕಣಯ್ಯ! ಎರಡು ದಮ್ಮಿಗೇ ಬ್ರಹ್ಮಾಂಡ ಕಾಣ್ತದೆ!" ಎಂದು ಹೊಗಳಿದ್ದೇ ಹೊಗಳಿದ್ದು.

ಈ ವರ್ಷ ಹಸ್ತ ಮಳೆಯ ಹೊತ್ತಿಗೆ ಸೆಟ್ಟೂರಿನವರೊಬ್ಬರು ಅಂಗಡಿಯಲ್ಲಿ ಸಿಕ್ಕಿ, ಗಾಂಜಾ ಹುಡುಕಲು ಆ ಕಡೆಯ ಹೊಲಗಳ ಮೇಲೆ ಡ್ರೋನ್ ಹಾರಿಸುತ್ತಿದ್ದಾರೆ ಎಂದರು. ಮರುದಿನ ಆರು ಗಂಟೆಯ ಫೋನಿನಲ್ಲಿ ನಾನೇ ಮೊದಲು ಕೇಳಿದೆ, "ಡ್ರೋನ್ ಬಂದಿತ್ತೇನೋ?"

"ಬಂದಿತ್ತು ಬಾವ! ಹಾರ್ಸೋರ್ನ ಕೇಳ್ದೆ, ಅಷ್ಟು ಮ್ಯಾಲೆ ಹೋಗೈತಲ್ಲ ಸಾರ್, ಹಿಂದೂಪುರದ ಕಡೆ ಮೋಡ ಏನಾರ ಕಂಡ್ತಾ ಅಂತ! ಅದಿರ್ಲಿ, ಇಲ್ಲಿ ಮಳೆ ಧೋ ಅಂತೈತೆ. ಇರೋದೊಂದೂ ಡೌಟೇ."

ಮೊದಲ ಸಲ ಅವನ ಮಾತಿಗೆ ನಗು ಬರಲಿಲ್ಲ. ಬೀಡಿಯನ್ನೂ ಮುಟ್ಟದವನು ನನ್ನ ಹೊಗೆಗಾಗಿ ಜೈಲಿಗೆ ಹೋದರೆ? ಮೂವತ್ತು ವರ್ಷ ನನಗೆ ಏನು ಬೇಕು ಎಂಬುದನ್ನಷ್ಟೇ ಯೋಚಿಸಿದ ತಲೆಯಲ್ಲಿ ಅವತ್ತು ಬೇರೆಯವರ ಚಿಂತೆ ಹೊಕ್ಕಿತು. ಕುಂಟು ಕಾಗೆಗೆ ಇಡ್ಲಿ ಇಟ್ಟು ಸಿಕ್ಕ ಬಸ್ಸು ಹತ್ತಿದೆ. ಗಿಡ ಕಿತ್ತು ಬಿಸಾಡಬೇಕು, ಅಷ್ಟೇ!

ಇಳಿದಾಗ ಚಪ್ಪಲಿ ಮುಚ್ಚುವಷ್ಟು ಧೂಳು. ಕಡಲೆಕಾಯಿ ಎಲೆ ಬಾಡಿ ಮಡಚಿಕೊಂಡಿದೆ. ಧೋ ಎನ್ನುವ ಮಳೆಯ ಒಂದು ಹನಿಯೂ ಇಲ್ಲ! ಹೊಲದ ಮೂಲೆಯಲ್ಲಿ ಹೆಂಡತಿ ಕುಡುಗೋಲು ಹಿಡಿದು ಕಳೆ ತೆಗೆಯುತ್ತಿದ್ದಳು. ಅವಳ ಪಕ್ಕದಲ್ಲೇ, ತೊಗರಿಯ ಮರೆಯಲ್ಲಿ, ಬೆರಳು ಬಿಡಿಸಿದ ಹಸ್ತದಂಥ ಎಲೆಗಳ ಎದೆಯೆತ್ತರದ ಗಿಡ. ನನ್ನನ್ನು ಕಂಡು ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ನಾನು ನೇರ ಗಿಡದ ಬಳಿ ಹೋದೆ. ಬುಡಕ್ಕೆ ಕೈಹಾಕಿ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಮೂರನೇ ಸಲಕ್ಕೆ ಬೇರುಸಮೇತ ಬಂತು, ಬಂದ ರಭಸಕ್ಕೆ ನಾನು ಅಂಗಾತ ಬಿದ್ದೆ, ಗಿಡ ನನ್ನ ಎದೆಯ ಮೇಲೆ!

ಬದುವಿನ ಮೇಲೆ ಬಾಮೈದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಬಾವ, ಅದು ಪುಂಡಿ ಗಿಡ ಕಣಪ್ಪೋ!"

ಪುಂಡಿಯನ್ನು ಚಟ್ನಿಯಲ್ಲಿ ಕಂಡವನೇ ಹೊರತು ಹೊಲದಲ್ಲಿ ಕಂಡವನಲ್ಲ ನಾನು. ಗಾಂಜಾವನ್ನು ಕಂಡದ್ದೂ ಡಬ್ಬಿಯಲ್ಲೇ.

"ಎಲೆ ನೋಡಿದ್ರೆ ಯಾರಾದ್ರೂ ಬೇಸ್ತು ಬೀಳ್ತಾರೆ. ಡ್ರೋನೋರೂ ಓಡ್ಬಂದ್ರು. ‘ಅರೇ, ಇದಿ ಗೋಂಗೂರ ಗದಾ!’ ಅಂತ ತೆಲುಗ್ನಾಗೆ ಪುಂಡಿ ಹೆಸ್ರು ಹೇಳಿ, ಅಕ್ಕನ ಕೈಲಿ ಒಂದ್ ಕಟ್ಟು ಕೊಯ್ಸ್ಕಂಡು ಹೋದ್ರು."

"ಹಾಗಾದ್ರೆ ಗಾಂಜಾ ಗಿಡ?"

"ಎರಡೊರ್ಸ ಆತು, ಒಂದೂ ಇಲ್ಲ."

"ಗಾಳಿ, ಬಿಸಿಲು, ಹಸ್ತ ಮಳೆ?"

"ನಮ್ಮೂರಿಗೆ ಮಳೆ ಯಾವತ್ತು ಬಂದೈತೆ ಬಾವ! ಎರಡೆರಡೇ ನಾನೇ ಕೀಳ್ತಾ ಬಂದೆ. ಬೈಯಾಕೆ ನಿಂಗೆ ಯಾರಾನ ಬೇಕಲ್ಲ, ಮಳೆ ಮ್ಯಾಲೆ ಹಾಕ್ದೆ."

"ಹೋದ ವರ್ಷದ ಡಬ್ಬಿ?"

ಆಗ ಹೆಂಡತಿ ಬಾಯಿ ಬಿಟ್ಟಳು. "ನಾನೇ ಒಣಗ್ಸಿದ್ದು, ಪುಂಡಿ ಸೊಪ್ಪು. ಬ್ರಹ್ಮಾಂಡ ಕಂಡ್ತಂತಲ್ಲ?"

ಒಂದು ವರ್ಷ ಪೂರ್ತಿ ನಾನು ಗೊಜ್ಜಿನ ಸೊಪ್ಪು ಸೇದಿ ತೂರಾಡಿದ್ದೆ! ಬಿಡಬೇಕೆಂದು ಬಂದವನಿಗೆ, ಬಿಟ್ಟು ಆಗಲೇ ವರ್ಷ ಕಳೆದಿತ್ತು. ಮಣ್ಣಿನಲ್ಲಿ ಕೂತಲ್ಲೇ ಬಾಮೈದನನ್ನು ಕೇಳಿದೆ, "ವಡೆ ಹಾರದ ಹರಕೆಯೂ ಸುಳ್ಳೇನೋ?"

"ಹರಕೆ ಸುಳ್ಳಲ್ಲ," ಎಂದು ಅವನು ಬೇರೆ ಕಡೆ ನೋಡಿದ. "ಮಳೆಗೆ ಅಂದಿದ್ದು ಸುಳ್ಳು."

ಸಾಯಂಕಾಲದ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮಡಿಲಲ್ಲಿ ನಾನು ಕಿತ್ತ ಪುಂಡಿಯ ಕಟ್ಟು. ಬಸ್ಸು ಪೆನುಕೊಂಡ ದಾಟಿತು. ಆಮೇಲೆ, ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಆ ಕುಂಟು ಕಾಗೆ ಈಗ್ಲೂ ಬತ್ತದಾ?"

ಕುಂಟು ಕಾಗೆಯ ಸಂಗತಿ ನಾನು ಹೇಳಿದ್ದು ಬಾಮೈದನೊಬ್ಬನಿಗೆ. ಅದೂ ಬೆಳಗಿನ ಆರು ಗಂಟೆಯ ಫೋನಿನಲ್ಲಿ.

"ಬತ್ತದೆ," ಎಂದೆ. "ನಾಳೆ ಇಡ್ಲಿ ನೀನೇ ಇಡು."